ಯಾರ ಮನೆಯವರು ಅಂತ ಕೇಳಿದರು ಮಾರಾಯ

ಪ್ರೀತಿಯ ಗೆಳೆಯಾ,

ನಾರ್ವೆಯಲ್ಲಿ ಆದ ಕತೆಯನ್ನು ಮೊನ್ನೆ ಫೋನಿನಲ್ಲಿ ಅರ್ಧ ಹೇಳಿದೆ. ಇನ್ನರ್ಧ ಹೇಳೋಣ ಅಂದರೆ ಮಾತೇ ಹೊರಡಲಿಲ್ಲ. ನೀನೂ ಸುಮ್ಮನಾದೆ. ಕೊನೆಗೆ ಇಬ್ಬರೂ ಹುಬ್ಬಳ್ಳಿಯ ಮಳೆ, ಬೆಂಗಳೂರಿನ ಟ್ರಾಫಿಕ್ಕು ಅಂತ ಏನೇನೋ ಮಾತಾಡಿ ಫೋನ್ ಇಟ್ಟೆವು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯಲಾ ಅಂತ ಕೇಳಿದ್ದಕ್ಕೆ "ನನ್ನ ಹೆಸರು, ಊರಿನ ಹೆಸರು ಬಿಟ್ಟು ಏನು ಬೇಕಾದರೂ ಬರಿ" ಅಂದಿದ್ದೀಯ. ಹಾಗೇ ಮಾಡುತ್ತೇನೆ. ಕೆಂಪು ಛತ್ರಿಯ ವಿಷಯವನ್ನೂ ಎತ್ತುವುದಿಲ್ಲ. ಅದನ್ನು ಓದಿದರೆ ನಿನ್ನ ಹೆಂಡತಿ ನಿನ್ನ ಜೊತೆ ನನ್ನನ್ನೂ ಹೊರಗೆ ಹಾಕುತ್ತಾಳೆ.

ಹೊರದೇಶಕ್ಕೆ ಹೋಗಿಬಂದ ಎಲ್ಲರ ಹತ್ತಿರವೂ ಇಂಥದ್ದೊಂದು ಕತೆ ಇರುತ್ತದೆ, ಅಲ್ವಾ? ಸಿಂಗಪುರದ ಮುಸ್ತಫಾ ಅಂಗಡಿಯಲ್ಲಿ ಪಕ್ಕದ ಬೀದಿಯವರು ಸಿಕ್ಕರು. ದುಬೈ ಏರ್‌ಪೋರ್ಟಿನಲ್ಲಿ ನೀರು ಕುಡಿಯುವಾಗ ಸೋದರಮಾವನ ಬೀಗರು ಸಿಕ್ಕರು. ನನ್ನ ಹತ್ತಿರವೂ ಕೆಲವು ಇವೆ, ನೀನು ಕೇಳಿದ್ದೀಯ. ಫ್ರಾಂಕ್‌ಫರ್ಟಿನಲ್ಲಿ ಸೆಕ್ಯುರಿಟಿ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ನಮ್ಮ ಪಿಯುಸಿಯ ಕೆಮಿಸ್ಟ್ರಿ ಮೇಷ್ಟ್ರು. ಅಲ್ಲಿಯ ಹುಡುಗಿ ಅವರ ಬ್ಯಾಗಿನಿಂದ ಬಾಟಲಿ ತೆಗೆದು ಎತ್ತಿ ನೋಡಿದಾಗ ನನಗೆ ನೆನಪಾದದ್ದು ಏನು ಅಂತ ನಿನಗೊಬ್ಬನಿಗೇ ಗೊತ್ತು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಲು ಹೋಗಿದ್ದೆವು. ಲ್ಯಾಂಬೆತ್‌ನಲ್ಲಿದೆ ಅದು, ಹೊಳೆಯ ಆಚೆ ಬದಿಗೆ ಪಾರ್ಲಿಮೆಂಟು, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅಲ್ಲಿ ನಮ್ಮ ಫೋಟೋ ತೆಗೆದುಕೊಟ್ಟವರು ನಮ್ಮ ಹಳೆಯ ಮನೆ ಓನರಿನ ಅಳಿಯ. ಅಡ್ವಾನ್ಸ್ ದುಡ್ಡಿನ ಮಾತು ಬರಲಿಲ್ಲ, ಪುಣ್ಯ.

ಇಂಥವನ್ನೆಲ್ಲ ನಾನು ಖುಷಿಯಿಂದ ಹೇಳಿಕೊಂಡು ಬಂದವನು. ಪ್ರಪಂಚ ಎಷ್ಟು ಚಿಕ್ಕದು ನೋಡು ಅಂತ ಊಟದ ಪಂಕ್ತಿಯಲ್ಲಿ ಕೂತು ಸಾರಿದವನು. ನಾರ್ವೆಯ ಬರ್ಗನ್ ಊರಿನಲ್ಲಿ ಆದದ್ದರ ಮೇಲೆ ಹಾಗೆ ಹೇಳಲು ಬಾಯಿ ಬರುತ್ತಿಲ್ಲ.

ಜೂನಿನಲ್ಲಿ ಓಸ್ಲೋದ ಆಫೀಸು ಕೆಲಸ ಮುಗಿಯಿತು. ರಜೆ ಸೇರಿಸಿಕೊಂಡು ಬರ್ಗನ್ ಕಡೆ ಹೊರಟೆ. ಆ ರೈಲಿನ ಬಗ್ಗೆಯೇ ಒಂದು ಪತ್ರ ಬರೆಯಬಹುದು. 1909ರಲ್ಲಿ ಪೂರ್ತಿ ತೆರೆದ ದಾರಿ. ಸುಮಾರು 7 ಗಂಟೆ ಪ್ರಯಾಣ. ಮಧ್ಯೆ ಫಿನ್ಸೆ ಅಂತ ಒಂದು ಸ್ಟೇಷನ್ನು, 1222 ಮೀಟರ್ ಎತ್ತರದಲ್ಲಿ. ಜೂನಿನಲ್ಲೂ ಅಲ್ಲಿ ಹಿಮ ಬಿದ್ದುಕೊಂಡಿತ್ತು, ರಸ್ತೆ ಇಲ್ಲ, ರೈಲು ಬಿಟ್ಟರೆ ನಡೆದೇ ಹೋಗಬೇಕು. ಅಲ್ಲಿಂದ ಇಳಿಯುತ್ತ ಇಳಿಯುತ್ತ ಬಿಳಿ ಹೋಗಿ ಹಸಿರು ಬಂತು, ಆಮೇಲೆ ಮಳೆ ಬಂತು. ಬರ್ಗನ್ ಅಂದರೆ ಯುರೋಪಿನವರಿಗೆ ಮಳೆಯ ಊರು. ವರ್ಷಕ್ಕೆ 2000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ ಅಂತ ಹೋಟೆಲಿನವರು ಮರುಕದಿಂದ ಹೇಳಿದರು. ಆಗುಂಬೆಯಲ್ಲಿ ಅದರ ಮೂರು ಪಟ್ಟು ಬೀಳುತ್ತದೆ ಅಂತ ನಾನು ಹೇಳಿದೆ. ಅವರು ನಂಬಲಿಲ್ಲ. ಫೋನಿನಲ್ಲಿ ತೋರಿಸಿದೆ. ಆಮೇಲೆ ಆಕೆ ನನ್ನನ್ನು ಬೇರೆಯೇ ಮರ್ಯಾದೆಯಿಂದ ನೋಡಿದರು.

ಅಲ್ಲಿ ಬ್ರಿಗ್ಗೆನ್ ಅಂತ ಒಂದು ಜಾಗ ಇದೆ. ಬಂದರಿನ ಎದುರಿಗೆ ಸಾಲಾಗಿ ಹಳೆಯ ಮರದ ಮನೆಗಳು. ಮಧ್ಯಯುಗದಲ್ಲಿ ಜರ್ಮನ್ ವರ್ತಕರು ಇಲ್ಲಿ ಮಳಿಗೆ ಇಟ್ಟುಕೊಂಡಿದ್ದರು. ಉತ್ತರದಿಂದ ಒಣಮೀನು ಬರುತ್ತಿತ್ತು, ಇವರು ಅದಕ್ಕೆ ಬದಲು ಧಾನ್ಯ ಕೊಡುತ್ತಿದ್ದರು. ಎಲ್ಲವೂ ಮರ, ಹಾಗಾಗಿ ಮತ್ತೆ ಮತ್ತೆ ಸುಟ್ಟುಹೋಗಿದೆ. 1702ರ ದೊಡ್ಡ ಬೆಂಕಿಯ ನಂತರ ಹಳೆಯ ನಮೂನೆಯಲ್ಲೇ ಮತ್ತೆ ಕಟ್ಟಿಕೊಂಡರು. 1979ರಿಂದ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎದುರಿನಿಂದ ನೋಡಿದರೆ ಕೆಂಪು, ಹಳದಿ, ಬಿಳಿ ಮುಖಗಳು, ಪೋಸ್ಟ್‌ಕಾರ್ಡಿನಲ್ಲಿ ಬರುವುದು ಅಷ್ಟೇ. ನನಗೆ ಇಷ್ಟವಾದದ್ದು ಹಿಂದುಗಡೆ. ಎರಡು ಮನೆಗಳ ನಡುವೆ ಸಣ್ಣ ಓಣಿ, ಕಾಲಡಿಗೆ ಹಲಗೆ, ತಲೆಯ ಮೇಲೆ ಚಾಚಿಕೊಂಡ ಮೇಲಂತಸ್ತು, ಒದ್ದೆ ಮರದ ವಾಸನೆ, ಟಾರಿನ ವಾಸನೆ. ಗೋಡೆಗಳು ನೇರ ನಿಂತಿಲ್ಲ. ಒಂದು ಈ ಕಡೆ ವಾಲಿದರೆ ಇನ್ನೊಂದು ಆ ಕಡೆ.

ಮಳೆ ಜೋರಾಯಿತು. ಆ ಚಾಚಿನ ಕೆಳಗೆ ನಿಂತೆ. ಅಲ್ಲೇ ಇನ್ನೂ ಮೂವರು ನಿಂತಿದ್ದರು. ಗಂಡ, ಹೆಂಡತಿ, ಏಳೆಂಟು ವರ್ಷದ ಮಗಳು. ಮಗು ಹಲಗೆಯ ಮೇಲೆ ಕುಣಿಯುತ್ತಿತ್ತು. ಅಪ್ಪ "ಜಾರ್ತದೆ, ಮೆಲ್ಲ" ಅಂದರು. ನನ್ನ ಎದೆ ಒಮ್ಮೆ ಜಿಗಿಯಿತು, ಸುಳ್ಳಲ್ಲ. ಆ "ಜಾರ್ತದೆ" ಎಲ್ಲಿಯದು ಅಂತ ನಿನಗೆ ಹೇಳಬೇಕಾ?

"ಶಿರಸಿ ಕಡೆಯವರಾ?" ಅಂದೆ.

ಆಮೇಲಿನದು ಎಲ್ಲರ ಕತೆಯಲ್ಲೂ ಇರುವುದೇ. ಅವರೂ ಬೆಚ್ಚಿಬಿದ್ದು ನಕ್ಕರು. ಸ್ಟಾವಂಗರ್‌ನಲ್ಲಿ ಇಂಜಿನಿಯರಂತೆ. ಆ ಊರೆಲ್ಲ ತೈಲದ ಕಂಪನಿಗಳದ್ದು. ಮಗಳ ಶಾಲೆಗೆ ರಜೆ ಬಿಟ್ಟಿತ್ತು, ಬರ್ಗನ್ ನೋಡಲು ಬಂದಿದ್ದರು. ಓದಿದ್ದು ಬೆಂಗಳೂರು, ಅದಕ್ಕೂ ಮೊದಲು ಶಿರಸಿ. ಆ ಕಾಲೇಜು, ಈ ಹಾಸ್ಟೆಲ್ಲು, ಇವರು ಗೊತ್ತಾ, ಅವರು ಗೊತ್ತಾ ಅಂತ ಶುರುವಾಯಿತು. ಹೆಂಡತಿಯ ತವರು ಸಾಗರ. ಅವರ ಬ್ಯಾಗಿನಿಂದ ಚಕ್ಕುಲಿ ಹೊರಗೆ ಬಂತು. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಯಾರಿಗೂ ಅವಸರವೂ ಇರಲಿಲ್ಲ.

"ನಿಮಗೆ ಊರು ಯಾವುದಾಯ್ತು?" ಅಂತ ಅವರು ಕೇಳಿದರು.

ನಾನು ನಿಮ್ಮೂರಿನ ಹೆಸರು ಹೇಳಿದೆ.

"ಹೌದಾ! ಊರಲ್ಲಿ ಯಾರ ಮನೆ?"

"ಮೇಲಿನಮನೆ" ಅಂದೆ.

ಅವರ ಮುಖದಲ್ಲಿ ಮೊದಲು ಬೆಳಕು ಬಂತು, ಮರುಕ್ಷಣ ಅದು ಹೋಯಿತು. ಹೆಂಡತಿಯ ಮುಖ ನೋಡಿದರು. ಆಕೆ ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದರು. ಅವರು ತುಂಬಾ ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಅದನ್ನ ತಗೊಂಡಿದ್ದು ನಾವೇ."

ಇಷ್ಟನ್ನು ನಿನಗೆ ಫೋನಿನಲ್ಲಿ ಹೇಳಿದ್ದೇನೆ. ನೀನು "ಹೂಂ, ಕೊಟ್ವಿ" ಅಂದೆ. ಹೇಳದೆ ಬಿಟ್ಟದ್ದು ಮುಂದಿನದು.

ಅವರು ನನ್ನನ್ನು ನಿಮ್ಮ ಮನೆಯ ಮಗ ಅಂದುಕೊಂಡರು. ನಾನು ಅಲ್ಲ ಅನ್ನಲಿಲ್ಲ.

ಅನ್ನಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಅವರು ಆಗಲೇ ಸಮಾಧಾನ ಹೇಳಲು ಶುರುಮಾಡಿದ್ದರು. "ಬೇಜಾರು ಮಾಡ್ಕೋಬೇಡಿ, ಏನೂ ಕೆಡವಿಲ್ಲ, ಕಂಬ ಹಾಗೇ ಇದೆ, ಮೆತ್ತು ಹಾಗೇ ಇದೆ" ಅಂತ. ಹೊರದೇಶದಲ್ಲಿ ಇರುವವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲವಂತೆ, ಹಾಗಾಗಿ ಊರಲ್ಲಿರುವ ಅಣ್ಣನ ಹೆಸರಿನಲ್ಲಿ ಮಾಡಿಸಿದ್ದಂತೆ, ಮಗಳಿಗೆ ಒಂದು ಊರು ಅಂತ ಇರಲಿ ಅಂತ. ಫೋನ್ ತೆಗೆದರು. ಒಂದೊಂದೇ ಫೋಟೋ ತೋರಿಸಿದರು. ದಣಪೆ, ಅಂದರೆ ಅಂಗಳದ ಗೇಟು. ಅಂಗಳ. ಜಗಲಿಯ ಆ ಎಡಗಡೆಯ ಕಂಬ. ಬಚ್ಚಲ ಹಂಡೆ. ಅಡಿಕೆ ಹರಡುವ ಅಟ್ಟ. ಮೆತ್ತಿನ, ಅಂದರೆ ಮಹಡಿಯ, ಕಿಟಕಿಯ ಪಕ್ಕದ ಹಲಗೆಯ ಮೇಲೆ ಚಾಕುವಿನಿಂದ ಕೆತ್ತಿದ ಎರಡು ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸಿ, "ಇದರಲ್ಲಿ ನಿಮ್ಮದು ಯಾವುದು?" ಅಂತ ಕೇಳಿದರು.

ನಾನು ನನ್ನ ಅಕ್ಷರ ತೋರಿಸಿದೆ. ಅದೊಂದು ಮಾತ್ರ ಪೂರ್ತಿ ನಿಜ.

ಬಿಡುವಾಗ ನಂಬರ್ ಕೊಟ್ಟರು. "ಯಾವಾಗ ಬೇಕಾದರೂ ಬನ್ನಿ, ನಿಮ್ಮದೇ ಮನೆ" ಅಂದರು. ಅವರು ಅದನ್ನು ಬಾಯಿಮಾತಿಗೆ ಹೇಳಲಿಲ್ಲ, ಕಣ್ಣಿನಲ್ಲಿ ನೀರಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 11 ದಾಟಿದ ಮೇಲೆ. ಪರದೆ ಎಳೆದರೂ ಬೆಳಕು ಒಳಗೆ ಬರುತ್ತದೆ. ಫೋನು ಹಿಡಿದು ಕೂತು ಈ ಆಕಸ್ಮಿಕಗಳ ಬಗ್ಗೆ ಯಾರ್‍ಯಾರು ಏನೇನು ಬರೆದಿದ್ದಾರೆ ಅಂತ ಓದಿದೆ. ನಿನಗೆ ಗೊತ್ತಲ್ಲ, ಸಂಕಟವಾದಾಗ ನಾನು ಓದುತ್ತೇನೆ, ನೀನು ತಿನ್ನುತ್ತೀಯ.

ಸ್ಟ್ಯಾನ್ಲಿ ಮಿಲ್‌ಗ್ರಾಂ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. 1960ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ. ನೆಬ್ರಾಸ್ಕಾದ ಜನರಿಗೆ, ಬಾಸ್ಟನ್ನಿನ ಕೆಲವರಿಗೆ ಒಂದೊಂದು ಲಕೋಟೆ ಕೊಟ್ಟ. ಬಾಸ್ಟನ್ನಿನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ಅದು ತಲುಪಬೇಕು. ಆದರೆ ನೇರ ಕಳಿಸುವ ಹಾಗಿಲ್ಲ. ನಿಮಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ ಇರುವವರಿಗೆ ಮಾತ್ರ ಕೊಡಿ, ಅವರು ಇನ್ನೊಬ್ಬರಿಗೆ ಕೊಡಲಿ, ಹಾಗೆ ದಾಟಿಸಿ ಅಂದ. ಮುಟ್ಟಿದ ಲಕೋಟೆಗಳು ಸರಾಸರಿ ಐದು ಜನರ ಕೈ ದಾಟಿದ್ದವು. ಜಗತ್ತು ಚಿಕ್ಕದು ಅಂತ ಎಲ್ಲರೂ ಕುಣಿದದ್ದು ಅದನ್ನು ಹಿಡಿದುಕೊಂಡೇ. ಆದರೆ 1969ರಲ್ಲಿ ಅವನೂ ಜೆಫ್ರಿ ಟ್ರಾವರ್ಸ್ ಅನ್ನುವವನೂ ಸೇರಿ ಬರೆದ ವರದಿಯನ್ನು ಓದಿದೆ ನೋಡು, ಕೊಟ್ಟದ್ದು 296 ಜನರಿಗೆ, ತಲುಪಿದ್ದು 64. ಉಳಿದ 232 ಎಲ್ಲೋ ಯಾರದ್ದೋ ಟೇಬಲ್ಲಿನ ಮೇಲೆ ನಿಂತುಹೋದವು. ಅವುಗಳ ಬಗ್ಗೆ ಯಾರೂ ಊಟದ ಪಂಕ್ತಿಯಲ್ಲಿ ಮಾತಾಡುವುದಿಲ್ಲ.

ಇನ್ನೊಂದು ಸಂಗತಿ ನಿನಗೆ ಇಷ್ಟವಾಗುತ್ತದೆ. ತಲುಪಿದ 64ರಲ್ಲಿ 16ನ್ನು ಕೊನೆಯಲ್ಲಿ ಮುಟ್ಟಿಸಿದ್ದು ಒಬ್ಬನೇ ಮನುಷ್ಯ, ಆ ದಲ್ಲಾಳಿಯ ಊರಿನ ಬಟ್ಟೆ ವ್ಯಾಪಾರಿ. ಓದಿದ ಕೂಡಲೇ ಸಿದ್ದಾಪುರದ ಆ ಜವಳಿ ಅಂಗಡಿಯ ಪಡಸಾಲೆ ಕಣ್ಣಿಗೆ ಬಂತು. ಯೂನಿಫಾರ್ಮಿನ ಅಳತೆ ಕೊಡಲು ಹೋದವರಿಗೆ ಅವರು ಇಡೀ ತಾಲ್ಲೂಕಿನ ಸುದ್ದಿ ಕೊಡುತ್ತಿದ್ದರಲ್ಲ. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ತೋಟ ಮಾರಾಟಕ್ಕಿದೆ, ಎಲ್ಲ.

ಆಕಸ್ಮಿಕ ಅನ್ನುವುದರ ಲೆಕ್ಕವನ್ನೂ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಪರ್ಸಿ ಡಯಾಕೋನಿಸ್ ಮತ್ತು ಫ್ರೆಡೆರಿಕ್ ಮೋಸ್ಟೆಲರ್, 1989ರಲ್ಲೇ ಹಾಕಿಟ್ಟಿದ್ದಾರೆ. ಸಾಕಷ್ಟು ಜನ, ಸಾಕಷ್ಟು ಸಲ ಓಡಾಡಿದರೆ ಎಂಥಾ ವಿಚಿತ್ರವೂ ಯಾರಿಗಾದರೂ ಆಗಿಯೇ ಆಗುತ್ತದೆ ಅನ್ನುವುದು ಅವರ ಮಾತಿನ ಸಾರ. ಆಗದೇ ಹೋದದ್ದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಫಿನ್ಸೆಯವರೆಗೆ ನನ್ನ ಪಕ್ಕದಲ್ಲಿ ಕೂತಿದ್ದವರು ಯಾರೋ, ಏನೋ. ಅವರೂ ನಾನೂ ಮಾತಾಡಲಿಲ್ಲ, ಹಾಗಾಗಿ ಅದು ಕತೆಯೇ ಆಗಲಿಲ್ಲ.

ಬೆಳಗಿನ ಜಾವದ ಹೊತ್ತಿಗೆ ನನಗೆ ಬೇರೆಯೇ ಒಂದು ಹೊಳೆಯಿತು. ಇದುವರೆಗೆ ನನಗೆ ಹೀಗೆ ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದೆ. ಮೇಷ್ಟ್ರು, ಮೇಷ್ಟ್ರ ಮಗ ಇರುವುದು ಜರ್ಮನಿಯಲ್ಲಿ. ಓನರಿನ ಅಳಿಯ, ಬ್ಯಾಂಕಿನ ಕಂಪ್ಯೂಟರ್ ಕೆಲಸ. ಈಗ ಈ ಇಂಜಿನಿಯರು. ಎಲ್ಲರೂ ಸಿಇಟಿ ಬರೆದವರು, ಇಲ್ಲವೇ ಬರೆಸಿದವರು. ಒಂದೇ ಥರದ ಕಾಲೇಜು, ಒಂದೇ ಥರದ ಕೆಲಸ, ಅದೇ ವೀಸಾ ಸಾಲು, ಅದೇ ನಾಲ್ಕೈದು ಏರ್‌ಪೋರ್ಟು, ರಜೆ ಸಿಕ್ಕರೆ ಅದೇ ನೋಡಬೇಕಾದ ಹತ್ತು ಜಾಗ. ಇಷ್ಟು ಸಣ್ಣ ಓಣಿಯಲ್ಲಿ ಇಷ್ಟು ಜನ ಓಡಾಡಿದರೆ ಭುಜಕ್ಕೆ ಭುಜ ತಾಗದೆ ಇರುತ್ತದಾ? ಜಗತ್ತು ಚಿಕ್ಕದಲ್ಲ ಮಾರಾಯ, ನಾವು ನಡೆಯುವ ಓಣಿ ಚಿಕ್ಕದು.

ಆ ಸಾಲಿನಲ್ಲಿ ಇಲ್ಲದವರು ಯಾರು ಅಂತ ಯೋಚಿಸಿದೆ. ನಿಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ ಗೌಡರು ಇಲ್ಲ. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ಬಾಗಿ ದಾಟುತ್ತಿದ್ದರಲ್ಲ, ನಮ್ಮಿಬ್ಬರಿಗೂ ಕೆರೆಯಲ್ಲಿ ಈಜು ಕಲಿಸಿದವರು. ಮನೆ ಮಾರುವ ಮಾತು ಮೊದಲು ಗೊತ್ತಾದದ್ದೇ ಅವರಿಗಿರಬೇಕು. ಅವರು ನನಗೆ ಯಾವ ಏರ್‌ಪೋರ್ಟಿನಲ್ಲೂ ಆಕಸ್ಮಿಕವಾಗಿ ಸಿಗುವುದಿಲ್ಲ. ಅವರನ್ನು ನೋಡಬೇಕಾದರೆ ನಾನೇ ಹೋಗಬೇಕು. ನಾನು ಹೋಗಿ ಎಷ್ಟು ಕಾಲವಾಯಿತು ಅಂತ ನಿನಗೂ ಗೊತ್ತು, ಬರೆಯುವುದಿಲ್ಲ.

ಫೇಸ್‌ಬುಕ್‌ನವರು 2016ರಲ್ಲಿ ತಮ್ಮ 159 ಕೋಟಿ ಬಳಕೆದಾರರ ಲೆಕ್ಕ ಹಾಕಿ, ಯಾವ ಇಬ್ಬರ ನಡುವೆಯೂ ಸರಾಸರಿ ಮೂರೂವರೆ ಜನ ಅಂದಿದ್ದರು. ನಿನ್ನ ನನ್ನ ನಡುವೆ ಯಾರೂ ಇಲ್ಲ. ವಾರಕ್ಕೊಮ್ಮೆ ಮಾತಾಡುತ್ತೇವೆ. ಕ್ರಿಕೆಟ್ಟು, ಮಕ್ಕಳ ಮಾರ್ಕ್ಸು, ನಿನ್ನ ಶುಗರ್ರು, ಎಲ್ಲ ಆಗುತ್ತದೆ. ಅಪ್ಪಯ್ಯ, ಆಯಿ ಹುಬ್ಬಳ್ಳಿಗೆ ಬಂದಿದ್ದಾರೆ ಅಂತ ನೀನು ಹೇಳಿದ್ದೆ. ಮೊಣಕಾಲು ನೋವು, ಅದಕ್ಕೆ ಬಂದಿದ್ದಾರೆ ಅಂದುಕೊಂಡೆ. ಮನೆ ಕೊಟ್ಟದ್ದನ್ನು ಮಾತ್ರ ನೀನು ಹೇಳಲಿಲ್ಲ. ಪಕ್ಕದಲ್ಲಿರುವ ಸುದ್ದಿ ಸ್ಟಾವಂಗರ್ ಸುತ್ತಿಕೊಂಡು ಬರಬೇಕಾಯಿತು.

ಮಾರ್ಕ್ ಗ್ರಾನೋವೆಟರ್ ಅಂತ ಸಮಾಜಶಾಸ್ತ್ರಜ್ಞ, 1973ರಲ್ಲಿ ಇದನ್ನೇ ಬರೆದಿದ್ದಾನೆ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಕೇಳಿ ನೋಡಿದನಂತೆ, ಕೆಲಸದ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ. ಆಗಾಗ ಅಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಯಾವಾಗಲಾದರೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ ಸುದ್ದಿ ತಿಳಿದವರು. ತುಂಬಾ ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹಾಗಾಗಿ ಹೊಸದು ಬರುವುದು ದೂರದಿಂದ ಅನ್ನುವುದು ಅವನ ವಾದ. ಸರಿಯಿರಬಹುದು. ಆದರೆ ಅವನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ ಅಂತ ನನಗೆ ಅನ್ನಿಸುತ್ತದೆ. ಕೆಲವು ಸುದ್ದಿಯನ್ನು ಹತ್ತಿರದವರಿಗೆ ಹೇಳಲು ಆಗುವುದೇ ಇಲ್ಲ.

ನನಗೆ ನೋವಾಯಿತು. ಸಿಟ್ಟು ಬಂತು ಅಂತಲೇ ಬರೆಯುತ್ತೇನೆ. ಸಿಟ್ಟು ಬರಲು ನನಗೆ ಏನು ಹಕ್ಕು ಅಂತ ಕೇಳಿಕೊಂಡಾಗ ಇನ್ನೂ ಜಾಸ್ತಿ ನೋವಾಯಿತು.

ಓದುವವರಿಗೆ ಗೊತ್ತಿಲ್ಲದ ಮಾತು, ಹೇಳಿಬಿಡುತ್ತೇನೆ. ಅಪ್ಪನದ್ದು ಬ್ಯಾಂಕಿನ ಕೆಲಸ, ಮೂರು ವರ್ಷಕ್ಕೊಮ್ಮೆ ವರ್ಗ. ಹಾವೇರಿಯಲ್ಲಿ ಹುಟ್ಟಿದೆ, ಗದಗಿನಲ್ಲಿ ಅಕ್ಷರ ಕಲಿತೆ, ರಾಯಚೂರಿನಲ್ಲಿ ಸೈಕಲ್ ಕಲಿತೆ. ಎಲ್ಲವೂ ಬಾಡಿಗೆ ಮನೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಅಪ್ಪನಿಗೆ ಮತ್ತೆ ವರ್ಗವಾದಾಗ, ಹುಡುಗನ ಓದು ಹಾಳಾಗುತ್ತದೆ ಅಂತ ನಿನ್ನ ಅಪ್ಪಯ್ಯ ನನ್ನನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಂಡರು. ಆಯಿ ಇಬ್ಬರಿಗೂ ಒಂದೇ ಅಳತೆಯ ತಟ್ಟೆ ಇಟ್ಟರು. ದೋಸೆಗೆ ಜೋನಿಬೆಲ್ಲ ಬಡಿಸುವಾಗ ಒಂದು ಚಮಚ ಆಚೀಚೆ ಆದದ್ದಿಲ್ಲ. ಆ ವರ್ಷದ ಮಳೆಗಾಲವನ್ನು ಮೆತ್ತಿನ ಮೇಲೆ ಕಂಬಳಿ ಹೊದ್ದು ಕಳೆದೆ. ಕೇಳಿದರೆ ಈಗಲೂ ಯಾವ ಹೆಂಚಿನಿಂದ ನೀರು ಸೋರುತ್ತಿತ್ತು ಅಂತ ತೋರಿಸಬಲ್ಲೆ.

ಅಂದಿನಿಂದ ಯಾರು ಊರು ಕೇಳಿದರೂ ನಾನು ಹೇಳುವುದು ನಿಮ್ಮೂರಿನ ಹೆಸರನ್ನೇ. ಕಾಲೇಜಿನಲ್ಲಿ ಹೇಳಿದೆ. ಆಫೀಸಿನಲ್ಲಿ ಹೇಳಿದೆ. ಮದುವೆಯ ಮಾತುಕತೆಯಲ್ಲಿ ಮಾವನವರಿಗೂ ಹೇಳಿದೆ. ಮಗಳು ಶಾಲೆಯಲ್ಲಿ "ನನ್ನ ಊರು" ಅಂತ ಪ್ರಬಂಧ ಬರೆದಾಗ ನಿಮ್ಮ ಕೆರೆ, ನಿಮ್ಮ ತೋಟ, ನಿಮ್ಮ ದಣಪೆ ಬರೆದಳು. ಅವಳು ಅದನ್ನು ನೋಡಿದ್ದು ನಿನ್ನ ಮಗನ ಉಪನಯನಕ್ಕೆ ಬಂದಾಗ. ಉಳಿದದ್ದೆಲ್ಲ ನನ್ನಿಂದ ಕೇಳಿದ್ದು. ಇಷ್ಟು ವರ್ಷ ಯಾರೂ "ಯಾರ ಮನೆ" ಅಂತ ಮುಂದಿನ ಪ್ರಶ್ನೆ ಕೇಳಿರಲಿಲ್ಲ. ದೂರದ ಊರುಗಳಲ್ಲಿ ಕೇಳುವವರು ಇರುವುದಿಲ್ಲ. ಕೇಳಿದವರು ಬರ್ಗನ್‌ನಲ್ಲಿ ಸಿಕ್ಕರು, ಸಿಕ್ಕವರು ಆ ಮನೆಯ ಬೀಗದ ಕೈ ಇಟ್ಟುಕೊಂಡವರೇ ಆಗಿದ್ದರು.

ನೀನು ಯಾಕೆ ಹೇಳಲಿಲ್ಲ ಅಂತ ನನಗೆ ಈಗ ತಿಳಿಯುತ್ತದೆ. ನನಗೆ ಹೇಳಿದರೆ ಇನ್ನೊಮ್ಮೆ ಮಾರಿದ ಹಾಗೆ ಆಗುತ್ತಿತ್ತು. ನಿನ್ನ ತಂಗಿಗೆ ಹೇಳುವಾಗಲೂ ನೀನು ಹೀಗೇ ಮುಂದೂಡಿದ್ದೆ ಅಂತ ಆಯಿ ಆಮೇಲೆ ಫೋನಿನಲ್ಲಿ ಹೇಳಿದರು. ಆ ಸಾಲಿನಲ್ಲಿ ನನ್ನನ್ನೂ ಸೇರಿಸಿದ್ದೀಯ. ಬಾಗಿಲು ಹಾಕಿಕೊಂಡು ಅತ್ತೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ.

ಎಲೆಚುಕ್ಕಿ ರೋಗ ಬಂದ ತೋಟ, ಆಳು ಸಿಗದ ಊರು, ಎಂಬತ್ತರ ಹತ್ತಿರದ ಅಪ್ಪಯ್ಯ. ನೀನು ಇನ್ನೇನು ಮಾಡಬಹುದಿತ್ತು? ಏನೂ ಇಲ್ಲ. ಕೊಟ್ಟದ್ದೇ ಸರಿ. ಕೊಂಡವರು ಒಳ್ಳೆಯವರು, ಇದನ್ನು ಮಳೆಯಲ್ಲಿ ನಿಂತು ನಾನೇ ನೋಡಿದ್ದೇನೆ. ಆ ಮನೆಯಲ್ಲಿ ಮತ್ತೆ ಒಂದು ಮಗು ಬೇಸಿಗೆ ರಜೆ ಕಳೆಯುತ್ತದೆ.

ಸ್ಟಾವಂಗರ್‌ನ ಸರ್, ಈ ಪತ್ರದ ಕೊಂಡಿಯನ್ನು ನಿಮಗೂ ಕಳಿಸುತ್ತಿದ್ದೇನೆ. ಆವತ್ತು ನೀವು ಸಮಾಧಾನ ಹೇಳಿದ್ದು ಆ ಮನೆಯಲ್ಲಿ ಹುಟ್ಟಿದವನಿಗಲ್ಲ, ಅಲ್ಲಿ ಒಂದು ವರ್ಷ ಉಂಡು ಮಲಗಿದವನಿಗೆ. ನಿಮ್ಮ ಮಾತು ವ್ಯರ್ಥವಾಗಲಿಲ್ಲ. ಆ ಹಲಗೆಯ ಅಕ್ಷರಗಳನ್ನು ದಯವಿಟ್ಟು ಉಜ್ಜಿಸಬೇಡಿ. ನಿಮ್ಮ ಮಗಳು ಪಕ್ಕದಲ್ಲಿ ತನ್ನದನ್ನೂ ಕೆತ್ತಲಿ. ಮಳೆಗಾಲಕ್ಕೆ ಮೊದಲು ಮೆತ್ತಿನ ಮೂಲೆಯ ಹೆಂಚು ನೋಡಿಸಿ, ಬಡಗು ಕಡೆಯದು, ಕೆಳಗಿನಿಂದ ನಾಲ್ಕನೇ ಸಾಲು.

ಸರಿ, ಬಹಳ ಬರೆದೆ. ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಬರ್ಗನ್‌ನ ಗುಡ್ಡ ಹತ್ತುವ ರೈಲಿನ ಬಗ್ಗೆ, ಒಂದು ಕಾಫಿಗೆ ಅವರು ತೆಗೆದುಕೊಂಡ ದುಡ್ಡಿನ ಬಗ್ಗೆ ಬರೆದು ನಿನ್ನ ಹೊಟ್ಟೆ ಉರಿಸೋಣ ಅಂತ ಕೂತಿದ್ದೆ. ಆ ದುಡ್ಡಿಗೆ ಹುಬ್ಬಳ್ಳಿಯಲ್ಲಿ ನೀನು ಊರಿಗೆಲ್ಲ ಗಿರ್ಮಿಟ್ ಕೊಡಿಸಬಹುದು.

ಶನಿವಾರ ಬೆಳಗಿನ ವಂದೇ ಭಾರತ್ ಹಿಡಿದು ಬರುತ್ತಿದ್ದೇನೆ, ಮಗಳೂ ಬರುತ್ತಾಳೆ. ನಾರ್ವೆಯ ಕಂದು ಚೀಸು ತಂದಿದ್ದೇನೆ. ಸಿಹಿ ಇರುತ್ತದೆ, ಚೂರು ಖೋವಾ ರುಚಿ. ಅಪ್ಪಯ್ಯನಿಗೆ ಖಂಡಿತ ಇಷ್ಟವಾಗುತ್ತದೆ. ನಿನಗೆ ಶುಗರ್ ಇದೆ, ನೀನು ವಾಸನೆ ನೋಡು ಸಾಕು. ಆಯಿಗೆ ಅಪ್ಪೆಹುಳಿ ಮಾಡಲು ಹೇಳು. ಭಾನುವಾರ ಗಾಡಿ ತೆಗಿ, ಕೊನೆ ಕೊಯ್ಯುತ್ತಿದ್ದ ಗೌಡರ ಮನೆಗೆ ಹೋಗಿ ಬರೋಣ. ದಾರಿ ಮೇಲಿನಮನೆಯ ಮುಂದೇ ಹೋಗುತ್ತದೆ, ಗೊತ್ತಿದೆ. ಡ್ರೈವಿಂಗ್ ನಾನು ಮಾಡುತ್ತೇನೆ. ಹಿಂದಿನ ಸಲ ನೀನು ಓಡಿಸಿದಾಗ ಆ ಎಮ್ಮೆಯ ಯಜಮಾನ ಇನ್ನೂ ನಮ್ಮನ್ನು ಹುಡುಕುತ್ತಿದ್ದಾನಂತೆ.

ನಿನ್ನ,
ಎರಡನೇ ಅಕ್ಷರದವನು